ಭಾವನ ಕೈ ಮತ್ತು ಮನೆಗಾಡಿಯ ಫ್ರಿಜ್ಜು

ಅವನನ್ನು ಎಲ್ಲರೂ ಕರೆಯುವುದು ಫ್ಯೂಸಣ್ಣ ಎಂದೇ. ಗಾಡಿಗೊಂದು ಪುಟ್ಟ ದೀಪ ಹಾಕಿಸಲು ಹೋದರೂ ಅದಕ್ಕೆ ಬೇರೆ ಫ್ಯೂಸ್ ಇರಲೇಬೇಕೆಂದು ಪಟ್ಟು ಹಿಡಿಯುವ ಆಸಾಮಿ. ಮೂವತ್ತು ವರ್ಷದಿಂದ ಗಾಡಿಗಳ ವೈರಿಂಗ್ ಮಾಡಿದ್ದಾನೆ. ಕೆಲಸ ಅಚ್ಚುಕಟ್ಟು, ಬಾಯಿ ಮಾತ್ರ ಖಾರ.

ಅವನ ಅಕ್ಕ ಭಾವ ಹಳೆಯ ವ್ಯಾನೊಂದನ್ನು, ಉಣ್ಣಲು ಮಲಗಲು ಅದರಲ್ಲೇ ಆಗುವಂತೆ, ಮನೆಗಾಡಿ ಮಾಡಿಕೊಂಡಾಗ ವೈರಿಂಗ್ ಅವನ ಪಾಲಿಗೇ ಬಂತು. ಎರಡು ತಿಂಗಳ ತಿರುಗಾಟ. ಅಕ್ಕನಿಗೆ ಸಮುದ್ರ ನೋಡುವ ಆಸೆ. ಆದರೆ ಅವಳಿಗೆ ದಿನವೂ ಇನ್ಸುಲಿನ್ ಬೇಕು. ಅಷ್ಟೂ ದಿನದ ಔಷಧಿ ಗಾಡಿಯ ಫ್ರಿಜ್ಜಿನಲ್ಲಿ ತಣ್ಣಗಿದ್ದರೆ ಪ್ರಯಾಣ, ಇಲ್ಲದಿದ್ದರೆ ಇಲ್ಲ. ಅವನು ಎರಡನೆಯ ಬ್ಯಾಟರಿ ಕೂರಿಸಿದ, ಮೇಲೆ ಸೋಲಾರ್ ಹಾಕಿದ, ಎಲ್ಲದಕ್ಕೂ ಸೇರಿ ಬಾಗಿಲ ಪಕ್ಕ ಒಂದು ಮೇನ್ ಸ್ವಿಚ್ಚಿಟ್ಟ.

"ಮೊದಲು ಮೂರು ದಿನ ಬರೀ ನೀರಿನ ಬಾಟ್ಲಿ ಇಟ್ಟು ನೋಡೋಣ" ಎಂದ.

ಮಾರನೆಯ ಬೆಳಿಗ್ಗೆ ಭಾವನ ಹಿಂದೆಯೇ ಗಾಡಿ ಹತ್ತಿ ನೋಡಿದರೆ ನೀರು ಬೆಚ್ಚಗಿದೆ! ಫ್ಯೂಸಣ್ಣ ಇಂಗು ತಿಂದ ಮಂಗನಂತಾದ. ಮೀಟರು ಹಿಡಿದು ಒಂದೊಂದೇ ತಡಕಿದ. ಬ್ಯಾಟರಿ ತುಂಬಿದೆ, ಫ್ಯೂಸು ಸರಿಯಿದೆ, ಫ್ರಿಜ್ಜು ಗುಂಯ್ ಎನ್ನುತ್ತಿದೆ.

"ನೀನು ನೋಡ್ತಿರು, ಟೀ ತರ್ತೀನಿ" ಎಂದು ಭಾವ ಇಳಿದರು. ಇಳಿಯುತ್ತಲೇ ಟಪ್! ದೀಪ ಆರಿತು, ಫ್ರಿಜ್ಜು ತಣ್ಣಗೆ ಬಾಯಿ ಮುಚ್ಚಿತು.

"ಭಾವಾ! ಸ್ವಿಚ್ ಯಾಕೆ ಆರಿಸಿದ್ರಿ?"

"ನಾನೆಲ್ಲಿ ಆರಿಸಿದೆ?"

ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ನಲವತ್ತು ವರ್ಷ ಗೋದಾಮು ನೋಡಿಕೊಂಡು, ದಿನವೂ ಮೊದಲು ದೀಪ ಹಾಕಿ, ಕೊನೆಗೆ ಆರಿಸಿ ಬಂದವರು. ಬಾಗಿಲು ದಾಟಿದರೆ ಸಾಕು, ಕೈ ತಾನಾಗಿಯೇ ಸ್ವಿಚ್ಚಿಗೆ ಹೋಗುತ್ತಿತ್ತು, ಹತ್ತುವಾಗ ಹಾಕಲು, ಇಳಿಯುವಾಗ ಆರಿಸಲು. ರಾತ್ರಿಯಿಡೀ ಫ್ರಿಜ್ಜು ಆರಿಯೇ ಇತ್ತು.

ಕೆಳಗೆ ನಿಂತಿದ್ದ ಅಕ್ಕನ ಮುಖ ಬಾಡಿತು. "ಬಿಡ್ರೋ, ನನಗ್ಯಾವ ಸಮುದ್ರಾನೂ ಬೇಡ."

"ಇವರ ಕೈಯನ್ನೇ ಕಟ್ಟಿ ಹಾಕ್ತೀನಿ ತಾಳು!" ಎಂದು ತಮ್ಮ ಹಾರಾಡಿದ.

"ಆ ಕೈಗೆ ಏನೂ ಅನ್ನಬೇಡ" ಎಂದಳು ಅಕ್ಕ. "ಹನ್ನೊಂದು ವರ್ಷದಿಂದ ದಿನಾ ಎರಡು ಹೊತ್ತು ನಂಗೆ ಇಂಜೆಕ್ಷನ್ ಕೊಡ್ತಿರೋದು ಅದೇ ಕೈ. ಒಂದು ದಿನ ಮರೆತಿಲ್ಲ."

ತನ್ನ ಬಾಯಿಯ ಬಗ್ಗೆ ಫ್ಯೂಸಣ್ಣನಿಗೇ ನಾಚಿಕೆಯಾಯಿತು. ಸ್ವಿಚ್ಚಿನ ಹಲಗೆ ಬಿಚ್ಚಿ, ಫ್ರಿಜ್ಜಿನ ವೈರನ್ನು ಅಲ್ಲಿಂದ ಕಿತ್ತು, ಅದಕ್ಕೊಂದು ಬೇರೆ ಫ್ಯೂಸ್ ಹಾಕಿ, ನೇರವಾಗಿ ಬ್ಯಾಟರಿಗೇ ಎಳೆದ.

ಮೂರು ದಿನವೂ ನೀರು ತಣ್ಣಗಿತ್ತು. ನಾಲ್ಕನೆಯ ದಿನ ಅಕ್ಕ ಎರಡು ತಿಂಗಳ ಇನ್ಸುಲಿನ್ ತಂದು, ಒಂದೊಂದಾಗಿ ತಾನೇ ಜೋಡಿಸಿಟ್ಟಳು. ಅವಳ ಕಣ್ಣು ತುಂಬಿತ್ತು. ಭಾವ ಅವಳ ಸೂಟ್‌ಕೇಸು ತರಲೆಂದು ಲಗುಬಗೆಯಿಂದ ಇಳಿದರು, ಇಳಿಯುತ್ತ ಸ್ವಿಚ್ ಆರಿಸಿದರು. ದೀಪ ಆರಿತು, ಫ್ರಿಜ್ಜು ಗುಂಯ್ ಎನ್ನುತ್ತಲೇ ಇತ್ತು.