ವಿಭೂತಿ ಡಬ್ಬಿಯ ಪಕ್ಕದ ಮಾತ್ರೆ

ಹಿಂದಿನ ಅವರೆ ಸುಗ್ಗಿಯ ಮಾತು. ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಮಗಳ ಫೋನ್ ಬಂತು. ಅವಳು ತುಮಕೂರಿನಲ್ಲಿ ಬ್ಯಾಕ್ಟೀರಿಯಾಗಳ ಬಗ್ಗೆ ಎಂ.ಎಸ್ಸಿ. ಓದುತ್ತಿದ್ದಾಳೆ. ನಮ್ಮತ್ತೆ ಜ್ವರದಿಂದ ಗುಬ್ಬಿಯ ಆಸ್ಪತ್ರೆಯಲ್ಲಿದ್ದರು. ಅವರ ಮೂತ್ರದ ರಿಪೋರ್ಟನ್ನು ಅಲ್ಲಿ ಜೊತೆಗಿದ್ದ ನಮ್ಮ ಯಜಮಾನರು ಇವಳಿಗೆ ಕಳಿಸಿದ್ದರು.

"ಅಮ್ಮಾ, ಅಜ್ಜಿಗೆ ಈಗ ಕೊಡ್ತಿರೋ ಔಷಧಿ ನಾಟ್ತಾ ಇಲ್ಲ. ಅದನ್ನ ಕತ್ತರಿಸಿ ಹಾಕೋ ಎನ್‌ಜೈಮ್ ಮಾಡ್ತಿದೆ ಆ ಬ್ಯಾಕ್ಟೀರಿಯಾ. ಮನೇಲಿ ಮೊದ್ಲೇ ಏನಾದ್ರೂ ಮಾತ್ರೆ ಕೊಟ್ಟಿದ್ಯಾ?"

ಕೈ ನಿಂತಿತು. ಕೊಟ್ಟಿದ್ದೆ. ಅದರ ಹಿಂದಿನ ವರ್ಷ ಅತ್ತೆಯ ಉರಿಮೂತ್ರಕ್ಕೆ ಡಾಕ್ಟರು ಐದು ದಿನಕ್ಕೆಂದು ಬರೆದದ್ದು. ಎರಡೇ ದಿನಕ್ಕೆ ಉರಿ ನಿಂತಿತಲ್ಲ ಎಂದು ಉಳಿದ ಶೀಟನ್ನು ವಿಭೂತಿ ಡಬ್ಬಿಯ ಪಕ್ಕ ಎತ್ತಿಟ್ಟೆ. ಆಮೇಲೆ ಅತ್ತೆ ಉರಿ ಎಂದಾಗಲೆಲ್ಲ ದೇವರಿಗೆ ಕೈಮುಗಿದು ಅರ್ಧ ಮುರಿದು ಕೊಡುತ್ತಿದ್ದೆ. ಏನೂ ದಂಡವಾಗಲಿಲ್ಲವೆಂದು ಒಳಗೊಳಗೇ ಹೆಮ್ಮೆ ಬೇರೆ.

ಎಲ್ಲ ಹೇಳಿದೆ.

"ಅಯ್ಯೋ! ಲ್ಯಾಬಲ್ಲಿ ನಾವು ಬೇಕೂ ಅಂತ ಮಾಡೋದೇ ಅದು ಕಣಮ್ಮ. ಬ್ಯಾಕ್ಟೀರಿಯಾನ ಬೆಚ್ಚಗಿಟ್ಟು, ಬೇಕಾದಷ್ಟು ಆಹಾರ ಕೊಟ್ಟು, ಅವು ಸಾಯದ ಹಾಗೆ ಚೂರೇ ಚೂರು ಔಷಧಿ ಹಾಕ್ತೀವಿ. ಆಗ ಕೆಲವು ಎನ್‌ಜೈಮ್ ಜಾಸ್ತಿ ಮಾಡ್ತವೆ. ತಣ್ಣಗಿಟ್ರೆ ಅಷ್ಟು ಮಾಡಲ್ಲ."

"ಹಂಗಾದ್ರೆ ನನ್ನಿಂದಲೇ ಆಯ್ತಾ?"

"ಅದನ್ನ ಹೇಳೋಕಾಗಲ್ಲ. ಒಂದು ಇಂಜೆಕ್ಷನ್ ನಾಟುತ್ತೆ ಅಂತ ರಿಪೋರ್ಟಲ್ಲಿದೆ. ಮೊದ್ಲು ಅಪ್ಪಂಗೆ ಹೇಳು, ಡಾಕ್ಟ್ರಿಗೆ ಗೊತ್ತಾಗ್ಬೇಕು."

ಒಂದನ್ನಾದರೂ ಶಿವ ಉಳಿಸಿದ್ದಾನಲ್ಲ ಎಂದುಕೊಂಡೆ. ಆದರೂ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಯಜಮಾನರ ನಂಬರ್ ಒತ್ತಿ, ಅವರು ಎತ್ತುವ ಮೊದಲೇ ಕಟ್ ಮಾಡಿದೆ, ಎರಡು ಸಲ. ಕೊನೆಗೆ ಅವರೇ ಮಾಡಿದರು. ಅರ್ಧರ್ಧ ಕೆಂಪು ಮಾತ್ರೆ ಕೊಟ್ಟದ್ದನ್ನು ಒಪ್ಪಿಕೊಂಡೆ. ಯಜಮಾನರು ಬೈಯಲಿಲ್ಲ. ಮಂಚದಲ್ಲೇ ಕೇಳಿಸಿಕೊಂಡ ಅತ್ತೆ ಫೋನ್ ಕಿತ್ತುಕೊಂಡರು.

"ಏನೇ, ಒಗ್ಗರಣೆಗೆ ಎಣ್ಣೆ ಸುರಿಯೋಳು, ನನ್ ಮಾತ್ರೇಲಿ ಜಿಪುಣತನ ಮಾಡಿದ್ಯಾ?" ಮಾತಿನ ನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. "ಇನ್ನೂ ಐತೇನೇ ಆ ಶೀಟು?"

"ಎರಡು ಉಳ್ಕೊಂಡಿವೆ ಅತ್ತೆ."

"ತಗಂಡ್ ಬಾ, ಡಾಕ್ಟ್ರಿಗೆ ತೋರ್ಸು. ಕೆಂಪು ಮಾತ್ರೆ ಅಂದ್ರೆ ಅವ್ರಿಗೇನು ತಿಳಿತದೆ?"

ಬೈಯುವಷ್ಟು ತ್ರಾಣ ಇದೆಯಲ್ಲ, ಅದೂ ಪುಣ್ಯವೇ. ಹೊಸ ಇಂಜೆಕ್ಷನ್ ಸಂಜೆಯೊಳಗೆ ಶುರು ಮಾಡುತ್ತಾರೆಂದು ಯಜಮಾನರು ಹೇಳಿದರು; ಜ್ವರ ಇಳಿಯುವುದೋ ಇಲ್ಲವೋ ನಾಳೆಗಲ್ಲದೆ ಗೊತ್ತಾಗದು. ಶೀಟನ್ನು ಪರ್ಸಿಗೆ ಹಾಕಿದೆ. ಗುಬ್ಬಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಅತ್ತೆಗೆ ಒಯ್ಯಲು ರಾಗಿ ಗಂಜಿಗೆ ನೀರಿಟ್ಟು, ಹಿಟ್ಟು ಕದಡಿ ಹೊಯ್ದು, ಗಂಟಾಗದಂತೆ ತಿರುವುತ್ತಾ ನಿಂತೆ.