ಬುತ್ತಿ ಮುಟ್ಟುವಷ್ಟು ದೂರ

ಇವತ್ತು, ಶುಕ್ರವಾರ, ನಾನು ಮಾಡಿದ ಕೆಲಸಗಳು: ನಸುಕಿನಲ್ಲಿ ಅಂಗಳ ಸಾರಿಸಿದ್ದು, ಬಾವಿಯಿಂದ ಆರು ಕೊಡ ನೀರು ಸೇದಿದ್ದು, ಹೊಸ ಜೋಳದ ಹಿಟ್ಟು ಸಾಣಿಸಿದ್ದು, ಹದಿನಾಲ್ಕು ರೊಟ್ಟಿ ಬಡಿದದ್ದು, ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಪುಡಿ ಶೇಂಗಾ ಹಿಂಡಿ ಕುಟ್ಟಿದ್ದು, ಏಳು ಗಂಟೆಯ ವಿಜಾಪುರ ಬಸ್ಸಿಗೆ ಮಗಳ ಬುತ್ತಿ ಮುಟ್ಟಿಸಿದ್ದು, ಎಮ್ಮೆಯ ಹಗ್ಗ ಬದಲಿಸಿದ್ದು, ಮಧ್ಯಾಹ್ನ ಹುಣಸೆಹಣ್ಣಿನ ಬೀಜ ಬಿಡಿಸಿದ್ದು. ಸಂಜೆಯದೊಂದು ಕೆಲಸವಿದೆ, ಅದು ನನ್ನ ಪಟ್ಟಿಗೆ ಸೇರಬೇಕಾದದ್ದೋ ಅಲ್ಲವೋ, ನೀವೇ ಕಡೆಗೆ ತೀರ್ಮಾನಿಸಿರಿ.

ಹೀಗೆ ದಿನಚರಿ ಬರೆದಿಡುವುದು ನನ್ನ ಹಳೆಯ ಚಟ. ನಮ್ಮ ಮನೆಯವರು ಬಾಗೇವಾಡಿಯ ಕಚೇರಿಯ ಮುಂದೆ ಬೇವಿನ ಗಿಡದ ನೆರಳಿಗೆ ಕುಳಿತು ಮಂದಿಯ ಅರ್ಜಿ ಬರೆದುಕೊಡುವವರು. ಅವರ ಕೈತಪ್ಪಿ ಕೆಟ್ಟ ಹಾಳೆಗಳ ಬೆನ್ನೇ ನನ್ನ ಗ್ರಂಥ. ಒಂದು ಮಗ್ಗುಲಲ್ಲಿ 'ತಮ್ಮ ವಿಧೇಯ', ಇನ್ನೊಂದು ಮಗ್ಗುಲಲ್ಲಿ ಎಮ್ಮೆಯ ಹಗ್ಗ. ರಾಜ್ಯಕ್ಕೆ ಹೊಸ ಹೆಸರು ಬಂದು ಎರಡು ವರ್ಷವಾದರೂ ಇವರ ಕೈ ಒಮ್ಮೊಮ್ಮೆ ಹಳೆಯ ಹೆಸರನ್ನೇ ಬರೆದುಬಿಡುತ್ತದೆ. ಹಾಗಾಗಿ ನನ್ನ ಸಾಹಿತ್ಯಸೇವೆಗೆ ಕಾಗದದ ಕ್ಷಾಮ ಬಂದದ್ದಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದು ನಿಲ್ಲಿಸಿದವಳಿಗೆ ಇಷ್ಟು ವೈಭವ ಸಾಕು.

ಇಷ್ಟು ವರ್ಷಗಳ ಈ ಅಖಂಡ ಲೇಖನದಿಂದ ನನಗೆ ಸಿದ್ಧಿಸಿದ ಶಾಸ್ತ್ರ ಒಂದೇ, ಅದು ರೊಟ್ಟಿಯದು. ಬಿಸಿ ರೊಟ್ಟಿಯನ್ನು ಅರಿವೆಯಲ್ಲಿ ಸುತ್ತಿಟ್ಟರೆ ಮಧ್ಯಾಹ್ನದವರೆಗೆ ಮಡಚಿದರೆ ಮಡಚುತ್ತದೆ. ಇಳಿಹೊತ್ತಿಗೆ ಅಂಚು ಬಿರಿಯುತ್ತದೆ. ಮರುದಿನ ಅದು ತಿನ್ನುವ ವಸ್ತುವಾಗಿ ಉಳಿಯುವುದು ತಿನ್ನುವವರ ಹಲ್ಲನ್ನು ಅವಲಂಬಿಸಿದೆ. ಭೂಗೋಳದ ಪುಸ್ತಕ ದೂರವನ್ನು ಮೈಲಿಯಲ್ಲಿ ಅಳೆದರೆ ನಾನು ಅಳೆಯುವುದು ಹೀಗೆ. ವಿಜಾಪುರ ಮೆತ್ತನೆಯ ರೊಟ್ಟಿಯಷ್ಟು ದೂರ. ಸೊಲ್ಲಾಪುರ ಅಂಚು ಬಿರಿದ ರೊಟ್ಟಿಯಷ್ಟು. ಅದರಾಚೆಯ ಜಗತ್ತಿನ ಬಗ್ಗೆ ನನಗೆ ಮೊನ್ನೆಯವರೆಗೆ ಅಭಿಪ್ರಾಯವೇ ಇರಲಿಲ್ಲ.

ಮಗಳು ಸರೋಜಾ ವಿಜಾಪುರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಮೂವರು ಹುಡುಗಿಯರು ಕೂಡಿ ಒಂದು ಖೋಲಿ ಹಿಡಿದಿದ್ದಾರೆ. ಇಂಡಿಯವಳೊಬ್ಬಳು, ಸಿಂದಗಿಯವಳೊಬ್ಬಳು, ನಮ್ಮವಳು. ಮೂರು ತಾಲೂಕಿನ ಮೂರು ಬುತ್ತಿಗಳು ಮೂರು ಬಸ್ಸುಗಳಲ್ಲಿ ಹೋಗಿ, ಒಂದೇ ತಾಟಿನ ಸುತ್ತ ಬಿಚ್ಚಿಕೊಳ್ಳುತ್ತವೆ. ಇಂಡಿಯ ನಿಂಬೆಕಾಯಿ ಉಪ್ಪಿನಕಾಯಿ ಮುಗಿದರೆ ನನ್ನ ಮಗಳು ನನಗೇ ಪತ್ರ ಬರೆದು ದುಃಖ ತೋಡಿಕೊಳ್ಳುತ್ತಾಳೆ. ಸಂಜೆಯ ಬಸ್ಸಿಗೆ ಬರಿದಾದ ಪಲ್ಯದ ಡಬ್ಬಿ ಅರಿವೆಯ ಸಮೇತ ತಿರುಗಿ ಬರುತ್ತದೆ. ಮೂರು ವರ್ಷದಲ್ಲಿ ಕಂಡಕ್ಟರ್ ಸಿದ್ರಾಮಪ್ಪ ಒಮ್ಮೆಯೂ ಗಂಟು ತಪ್ಪಿಸಿದವನಲ್ಲ.

ಮೊನ್ನೆ ಯುಗಾದಿಗೆ ಬಂದಾಗ ಅವಳ ಕೈಯಲ್ಲೊಂದು ಫಾರ್ಮು ಇತ್ತು. ಧಾರವಾಡದ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎಸ್ಸಿ.ಗೆ ಅರ್ಜಿ. ಅವಳ ಗುರುಗಳೇ ತರಿಸಿ ಕೊಟ್ಟದ್ದು. ನಮ್ಮ ಸೀಮೆಗೆ ಹತ್ತಿರದ್ದೆಂದರೆ ಅದೊಂದೇ. ಆದ್ದರಿಂದಲೇ ಎಲ್ಲ ಜಿಲ್ಲೆಯ ಜಾಣರೂ ಅಲ್ಲಿಗೇ ಮುಗಿಬೀಳುತ್ತಾರಂತೆ, ರಾಶಿಯಿಂದ ಒಂದು ಬೊಗಸೆಯಷ್ಟು ಮಂದಿಯನ್ನು ಮಾತ್ರ ಎತ್ತಿಕೊಳ್ಳುತ್ತಾರಂತೆ.

"ಹಾಕ್ಲೇನವಾ?" ಎಂದಳು.

ನಾನು ಹಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದೆ. "ಅಲ್ಲೀತನಾ ಬುತ್ತಿ ಮುಟ್ಟೂದಿಲ್ಲಲ್ಲ," ಎಂದೆ.

ಅಷ್ಟೇ ನಾನಾಡಿದ್ದು. ಅವಳು ಫಾರ್ಮನ್ನು ಪುಸ್ತಕದೊಳಗೆ ಇಟ್ಟುಕೊಂಡು ಮರುದಿನ ವಿಜಾಪುರಕ್ಕೆ ಹೋದಳು.

ನಿನ್ನೆ ಸಂಜೆ ಬುತ್ತಿಯ ಅರಿವೆ ಬಿಚ್ಚಿದರೆ ಖಾಲಿ ಡಬ್ಬಿಯ ಕೆಳಗೆ ಅದೇ ಫಾರ್ಮು, ಎರಡು ಮಡಿಕೆಯಾಗಿ. ಒಂದು ಅಕ್ಷರವನ್ನೂ ತುಂಬಿಲ್ಲ. ಜೊತೆಗೊಂದು ಚೀಟಿ: 'ಯವ್ವಾ, ಇದು ನನಗ ಬ್ಯಾಡ. ಹಿಂದಿನ ಮಗ್ಗಲಾ ಖಾಲಿ ಐತಿ, ನಿನ್ನ ಬರೆಯೋದಕ್ಕ ಬರ್ತೈತಿ.'

ಇವರು ಫಾರ್ಮನ್ನು ಕನ್ನಡಕದ ಸಮೀಪ ಹಿಡಿದು ಓದಿದರು. "ಬುಧವಾರದೊಳಗ ಧಾರವಾಡ ಮುಟ್ಟಬೇಕು. ಅಂದ್ರ ಶನಿವಾರ ರಜಿಸ್ಟರ್ ಮಾಡಬೇಕು. ನಾನರ ತುಂಬಿ ಕಳಸ್ತಿದ್ನಿ, 'ಸ್ವಹಸ್ತಾಕ್ಷರದಲ್ಲಿ' ಅಂತ ಹಾಕ್ಯಾರ," ಎಂದು ನಿಟ್ಟುಸಿರು ಬಿಟ್ಟರು. ಊರಿನ ಅರ್ಜಿಗಳನ್ನೆಲ್ಲ ಬರೆದ ಕೈಗೆ ಮನೆಯದೊಂದು ದಕ್ಕಲಿಲ್ಲ.

ನಾನು ಹೇಳಿದ್ದು ರೊಟ್ಟಿಯ ಮಾತು, ಮಗಳು ಅದನ್ನು ಬೇರೆ ತಿಳಿದಳು ಎಂದು ಯಾರೆದುರಿಗಾದರೂ ವಾದಿಸಬಲ್ಲೆ. ಆದರೆ ಇವತ್ತು ನಸುಕಿನಲ್ಲಿ ಒರಳಿನ ಮುಂದೆ ಕುಳಿತು ಹಿಂಡಿ ಕುಟ್ಟುವಾಗ ನಿಜ ಒಪ್ಪಿಕೊಳ್ಳಬೇಕಾಯಿತು. ನನ್ನ ಬೆಳಗು ಏಳು ಗಂಟೆಯ ಬಸ್ಸಿಗೆ ಕಟ್ಟಿಕೊಂಡಿದೆ. ಬುತ್ತಿ ಇಲ್ಲದ ಬೆಳಗನ್ನು ಏನು ಮಾಡಬೇಕೆಂದು ನನಗೆ ತಿಳಿಯದು. ಅದನ್ನು ಬಾಯಿಬಿಟ್ಟು ಹೇಳಲಾರದೆ ರೊಟ್ಟಿಯ ಮೇಲೆ ಹಾಕಿದ್ದೆ. ಪಾಪ, ರೊಟ್ಟಿ ತಿರುಗಿ ಮಾತಾಡುವುದಿಲ್ಲ.

ಅದಕ್ಕೇ ಇವತ್ತು ಹದಿನಾಲ್ಕನ್ನೂ ತೆಳ್ಳಗೆ ಬಡಿದು, ಸುಟ್ಟು, ಒಲೆಯ ಸುತ್ತ ನಿಲ್ಲಿಸಿ ಒಣಗಿಸಿದೆ. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಧಾರವಾಡವಿರಲಿ, ಕಾಶಿಗೂ ಮುಟ್ಟುತ್ತದೆ. ಅರಿವೆಯ ತಳದಲ್ಲಿ ಫಾರ್ಮು, ಅದರ ಮೇಲೆ ರೊಟ್ಟಿಯ ಗೋಪುರ, ಪಕ್ಕದಲ್ಲಿ ಹಿಂಡಿಯ ಪೊಟ್ಟಣ. ಚೀಟಿ ಬರೆಯಲಿಲ್ಲ. ನನ್ನ ಮಗಳು ಗಣಿತದವಳು, ಇಷ್ಟು ಲೆಕ್ಕ ಬಿಡಿಸಲಾರಳೇ ಎಂಬ ಹಮ್ಮು.

"ಇವತ್ತ ಗಂಟು ಭಾಳ ಹಗುರ ಐತಲ್ರಿ ವೈನಿ?" ಎಂದ ಸಿದ್ರಾಮಪ್ಪ.

"ಹಗುರ ಇದ್ರೂ ಜ್ವಾಕಿ. ಮುರದಾವು," ಎಂದೆ.

ಸಂಜೆಯ ಬಸ್ಸಿಗೆ ಅರಿವೆಯೊಂದೇ ಬರಲಿಲ್ಲ, ಮಗಳೇ ಬಂದಳು. ಕಂಕುಳಲ್ಲಿ ಗಂಟು, ಮುಖ ಬಾಡಿತ್ತು.

"ಯಾಕವಾ, ಅಷ್ಟ ಸಿಟ್ಟೇನ ನನ್ನ ಮ್ಯಾಲೆ?"

"ಯಾರಿಗೆ ಸಿಟ್ಟ?"

"ಮೂರು ವರ್ಷದಾಗ ಒಂದಿನಾ ಖಡಕ್ ರೊಟ್ಟಿ ಕಳಿಸಿಲ್ಲ ನೀ. ಫಾರ್ಮ ತಿರುಗಿ ಕಳಿಸಿದ್ದಕ್ಕ ಕಳಿಸೀದಿ. ಸಿಂದಗಿ ಕಸ್ತೂರಿ ಅಂತಾಳ, 'ನಿಮ್ಮವ್ವ ಜಗಳಾ ಕಟ್ಟಿ ಕಳಿಸ್ಯಾಳ ನೋಡಲೇ' ಅಂತ. ಮೂರೂ ಮಂದಿ ಅವರ ಬುತ್ತೀನ ಉಂಡ್ವಿ. ಸೋಮವಾರತನಾ ಪ್ರ್ಯಾಕ್ಟಿಕಲ್ ಇಲ್ಲ, ಓಡಿ ಬಂದ್ನಿ."

"ಗಂಟು ಪೂರಾ ಬಿಚ್ಚೀದೇನು?"

"ಇಲ್ಲ. ಮ್ಯಾಲಿಂದು ನೋಡಿ ಕಟ್ಟಿಬಿಟ್ನಿ."

"ಬಿಚ್ಚು."

ಅವಳು ಕಟ್ಟೆಯ ಮೇಲೆ ಕುಳಿತು ಒಂದೊಂದೇ ರೊಟ್ಟಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ತಳದಲ್ಲಿ ಫಾರ್ಮು ಕಂಡಿತು. ಹಿಂಡಿಯ ಎಣ್ಣೆ ಜಿನುಗಿ ಒಂದು ಮೂಲೆ ಗಾಜಿನ ಹಾಗೆ ಪಾರದರ್ಶಕವಾಗಿತ್ತು. ಅಡಿಯಿಂದ ಅವಳ ಬೆರಳು ಕಾಣುತ್ತಿತ್ತು. ಮೆತ್ತನೆಯ ರೊಟ್ಟಿ ಮುಟ್ಟದ ಊರಿಗೆ ಖಡಕ್ ರೊಟ್ಟಿ ಮುಟ್ಟುತ್ತದೆ ಎಂದು ನಾನು ಆಗ ಬಾಯಿಬಿಟ್ಟೇ ಹೇಳಿದೆ. ಸಂಕೇತಗಳಿಂದ ಮಗಳೊಡನೆ ಸಂಭಾಷಿಸುವ ಪಾಂಡಿತ್ಯ ನನಗಿಲ್ಲವೆಂಬುದು ಸಾಬೀತಾಗಿತ್ತಲ್ಲ.

ಅವಳು ಫಾರ್ಮಿನ ಮಡಿಕೆಯನ್ನು ಅಂಗೈಯಿಂದ ಸವರಿ ಸಮ ಮಾಡಿದಳು. ಆಮೇಲೆ, "ನಾ ಹೋದ್ರ ನಸುಕಿನ್ಯಾಗ ಎದ್ದು ಯಾರಿಗೆ ಬಡೀತಿ?" ಎಂದಳು.

"ನಿಮ್ಮಪ್ಪ ಏನ ಉಪಾಸ ಇರ್ತಾರೇನು?"

"ಸೀಟ ಸಿಗಲಿಲ್ಲ ಅಂದ್ರ?"

ಅಲ್ಲಿಗೆ ತಿಳಿಯಿತು, ಅವಳೂ ತನ್ನ ಅಂಜಿಕೆಯನ್ನು ನನ್ನ ಬುತ್ತಿಯೊಳಗೇ ಕಟ್ಟಿ ಕಳಿಸಿದ್ದಳು. "ಸಿಗಲಿಲ್ಲ ಅಂದ್ರ ಮೆತ್ತನ್ನ ರೊಟ್ಟಿ ಉಣ್ಣು. ಸಿಕ್ಕರ ಖಡಕ್. ಎರಡಕ್ಕೂ ಹಿಟ್ಟ ಒಂದ," ಎಂದೆ.

ಅವಳು ನಕ್ಕಳು, ಶಾಯಿಯ ಪೆನ್ನು ಬೇಡಿದಳು. ಇವರು ತಮ್ಮದನ್ನೇ ತೆಗೆದು ಕೊಟ್ಟು, ಪಕ್ಕದಲ್ಲಿ ಮಂಡಿಯೂರಿ ಕುಳಿತು, "ಗೆರಿ ದಾಟಬ್ಯಾಡ, ಗೆರಿ ದಾಟಬ್ಯಾಡ," ಎಂದು ಜಪಿಸಿದರು. ಎಣ್ಣೆಯಾದ ಮೂಲೆಯಲ್ಲಿ ಶಾಯಿ ಹಿಡಿಯಲಿಲ್ಲ. ಪುಣ್ಯಕ್ಕೆ ಅಲ್ಲಿ ಬರೆಯುವುದೇನೂ ಇರಲಿಲ್ಲ, ಕಚೇರಿಯವರ ಉಪಯೋಗಕ್ಕೆಂದು ಬಿಟ್ಟ ಜಾಗ. ಉಪಯೋಗ ಮಾಡಿಕೊಳ್ಳಲಿ, ಒಳ್ಳೆಯ ಶೇಂಗಾ ಎಣ್ಣೆ.

ಫಾರ್ಮು ತುಂಬಿದವಳು ಅವಳು, ಲಕೋಟೆ ಅಂಟಿಸಿದವರು ಇವರು. ನಾನು ಕಂದೀಲು ಹಿಡಿದಿದ್ದೆ, ಅಷ್ಟೇ. ಪಟ್ಟಿಗೆ ಸೇರಿಸಬಹುದೇ, ಹೇಳಿರಿ.

ಖಡಕ್ ರೊಟ್ಟಿಯನ್ನು ಮುರಿದು ತೊಗರಿಬೇಳೆಯ ಸಾರಿನಲ್ಲಿ ನೆನೆಸಿ, ಹಿಂಡಿ ಮೊಸರು ಹಚ್ಚಿಕೊಂಡು ಉಂಡೆವು. ಮೂವರಿಗೆ ಐದು ಹೋದವು. ಉಳಿದ ಒಂಬತ್ತನ್ನು ಅದೇ ಅರಿವೆಯಲ್ಲಿ ಕಟ್ಟಿ ಗೂಟಕ್ಕೆ ಹಾಕಿದ್ದೇನೆ. ಧಾರವಾಡದಿಂದ ಉತ್ತರ ಬರುವವರೆಗೆ ಕೆಡುವುದಿಲ್ಲ. ಮೊದಲು ಮಲಗಿದವಳು ಸರೋಜಾ, ಬೆರಳಿನ ಶಾಯಿಯನ್ನೂ ತೊಳೆಯದೆ. ಇವರು ಲಕೋಟೆಯ ಮೇಲಿನ ವಿಳಾಸವನ್ನು ಇನ್ನೂ ಓದುತ್ತಲೇ ಇದ್ದಾರೆ.