ಗುರುವಾರದ ಮೊದಲ ಹನಿ

ಪವಾಡಗಳನ್ನು ನಾನು ಎಂದೂ ನಂಬಿದವನಲ್ಲ. ಅಂಥ ಮಾತು ಬಂದರೆ ಎದ್ದು ಹೋಗುತ್ತಿದ್ದೆ. ಆದರೆ ಈ ಸಂಗತಿಯನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ಹೇಳಬೇಕೆಂದರೆ ನನ್ನ ಕಳ್ಳಾಟವನ್ನೂ ಹೇಳಲೇಬೇಕು.

ಸೊಲ್ಲಾಪುರದಲ್ಲಿ ನಮ್ಮದು ಚಾದರದ ಅಂಗಡಿ. ಮಾಂಸ ಮುಟ್ಟದ ಮನೆ. ಅಂಗಡಿಯನ್ನು ಮಗನಿಗೆ ಬಿಟ್ಟ ಮೇಲೆ ಪ್ರತಿ ಗುರುವಾರ ಸ್ವಾಮಿಗಳ ದರ್ಶನಕ್ಕೆಂದು ಅಕ್ಕಲಕೋಟದ ಬಸ್ಸು ಹತ್ತುತ್ತಿದ್ದೆ. ದರ್ಶನ ಮಾಡುತ್ತಿದ್ದುದು ನಿಜ. ಆಮೇಲೆ ಗೆಳೆಯ ಮಾರುತಿಯ ಹೊಲಕ್ಕೆ ಹೋಗಿ, ಕೋಳಿ ಕೊಯ್ಯಿಸಿ, ಖಾರವಾದ ಸಾರು ಮಾಡಿಸಿ ಉಣ್ಣುತ್ತಿದ್ದುದೂ ನಿಜ. ಇತ್ತ ಹೆಂಡತಿ ಶಾಂತವ್ವ ನನ್ನ ಯಾತ್ರೆಗೆ ಫಲ ಸಿಗಲೆಂದು, ನಾನು ಮರಳಿ ಬರುವವರೆಗೆ ಉಪವಾಸ ಇರುತ್ತಿದ್ದಳು.

ಹೋದ ವರ್ಷ ಒಂದು ಗುರುವಾರ ಸಂಜೆ ಮನೆಗೆ ಬಂದಾಗ ಧೋತರದ ಅಂಚಿಗೆ ರಕ್ತದ ಕಲೆಯಾಗಿತ್ತು. ಮೂಗಿನಿಂದ ರಕ್ತ ಬಂತೆಂದು ಸುಳ್ಳು ಹೇಳಿದೆ. ಶಾಂತವ್ವ ಗಾಬರಿಯಾದಳು. ನಾನು ಸ್ನಾನ ಮಾಡಿ, ಧೋತರವನ್ನು ನಾನೇ ನೆನೆಹಾಕಿ ಬರುವಷ್ಟರಲ್ಲಿ, ಪ್ರಾಣಿಶಾಸ್ತ್ರ ಓದುವ ಮೊಮ್ಮಗಳು ಶ್ರದ್ಧಾ ತನ್ನ ಮೈಕ್ರೋಸ್ಕೋಪು ಮುಂದಿಟ್ಟುಕೊಂಡು ಕೂತಿದ್ದಳು. ಅಜ್ಜನ ರಕ್ತ ನೋಡೆಂದು ಅಜ್ಜಿಯ ಹುಕುಂ ಆಗಿತ್ತು.

ಧೋತರ ನೀರಿಗೆ ಬಿದ್ದಿತ್ತು, ಇನ್ನೇನು ಹೆದರಿಕೆ? ನಗುತ್ತ ಬೆರಳು ಕೊಟ್ಟೆ. ಶ್ರದ್ಧಾ ಸ್ಪಿರಿಟಿನಿಂದ ಒರೆಸಿ, ಚುಚ್ಚಿ, ಹನಿಯನ್ನು ಹೊಸ ಗಾಜಿನ ಮೇಲೆ ಸವರಿ, ಒಣಗಿಸಿ ಬಣ್ಣ ಹಾಕಿದಳು. ನೋಡಿದಳು. ಮತ್ತೆ ನೋಡಿದಳು.

"ಅಜ್ಜಾ, ಇದು ಕೋಳಿ ರಕ್ತ ಇದ್ದಂಗ ಅದ."

ಅವಳು ಬಿಡಿಸಿ ಹೇಳಿದಳು: ಮನುಷ್ಯ, ಆಕಳು, ನಾಯಿ, ಹೀಗೆ ಹಾಲೂಡುವ ಪ್ರಾಣಿಗಳ ಕೆಂಪು ರಕ್ತಕಣ ಬಲಿತ ಮೇಲೆ ನಡುವಿನ ನ್ಯೂಕ್ಲಿಯಸ್ಸನ್ನು ಕಳೆದುಕೊಳ್ಳುತ್ತದೆ, ಹೆಚ್ಚಿನವುಗಳದು ದುಂಡಗೆ. ಒಂಟೆಯದು ಮೊಟ್ಟೆಯಾಕಾರ, ಆದರೂ ನಡುವೆ ಏನೂ ಇಲ್ಲ. ಕೋಳಿ, ಹಲ್ಲಿ, ಕಪ್ಪೆ, ಮೀನುಗಳಲ್ಲಿ ಮಾತ್ರ ಅದು ಉಳಿದಿರುತ್ತದೆ. ನಾನೂ ಕಣ್ಣಿಟ್ಟು ನೋಡಿದೆ. ಎಲ್ಲವೂ ಮೊಟ್ಟೆಯಾಕಾರ, ಪ್ರತಿಯೊಂದರ ನಡುವೆ ನೇರಳೆ ಚುಕ್ಕೆ.

"ಒಂಟೀದರೆ ಇರಬಹುದು, ಛಲೋತ್ನಾಗಿ ನೋಡವಾ," ಎಂದೆ.

"ಒಂಟೀದರಾಗ ಈ ಚುಕ್ಕಿ ಇರೂದಿಲ್ಲಜ್ಜಾ."

ಇನ್ನೊಂದು ಬೆರಳು ಚುಚ್ಚಿದಳು. ಆ ಎರಡನೆಯ ಗಾಜು ಒಣಗುವಷ್ಟರಲ್ಲಿ ನಾನು ಎಲ್ಲ ಒಪ್ಪಿಕೊಂಡಿದ್ದೆ. ಅದರಲ್ಲಿ ಕಂಡದ್ದು ದುಂಡಗಿನ, ಚುಕ್ಕೆಯಿಲ್ಲದ, ಅಪ್ಪಟ ಮನುಷ್ಯನ ರಕ್ತ.

ಶಾಂತವ್ವ ನನ್ನತ್ತ ತಿರುಗಿದಳು.

"ಹಂಗಾರ ನನ್ನ ಉಪವಾಸ ಎಲ್ಲಾ ಯಾರ ಪಾಲಿಗೆ ಹೋತ್ರಿ? ಆ ಕೋಳಿಗೋಳಿಗೇ ಮುಕ್ತಿ ಸಿಕ್ಕಿರಬೇಕು."

ಶ್ರದ್ಧಾ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಶಾಂತವ್ವ ಅಂದೂ ಬೆಳಗಿನಿಂದ ಏನೂ ತಿಂದಿರಲಿಲ್ಲ. ಒಳಗೆ ಹೋಗಿ ತಾಟಿನಲ್ಲಿ ರೊಟ್ಟಿ, ಪಲ್ಯ ಹಾಕಿ ತಂದು ಅವಳ ಮುಂದಿಟ್ಟೆ. ಈಗ ಗುರುವಾರ ಇಬ್ಬರೂ ಕೂಡಿಯೇ ಅಕ್ಕಲಕೋಟಕ್ಕೆ ಹೋಗುತ್ತೇವೆ. ಅವಳು ಹೊಟ್ಟೆ ತುಂಬ ಉಣ್ಣುತ್ತಾಳೆ, ಉಪವಾಸ ನನ್ನದು.

ಮೊದಲ ಗಾಜನ್ನು ಶ್ರದ್ಧಾ ಕಾಲೇಜಿಗೆ ಒಯ್ದು ಪ್ರಾಧ್ಯಾಪಕರಿಗೆ ತೋರಿಸಿದಳು. ಕೋಳಿಯದೇ, ಚೆನ್ನಾಗಿ ಬಂದಿದೆ ಎಂದರಂತೆ. ನನ್ನ ಉಗುರಿನ ಸಂದಿಯಲ್ಲಿ ಉಳಿದಿದ್ದ ರಕ್ತ ಹನಿಯೊಳಗೆ ಸೇರಿರಬೇಕು ಎಂಬುದು ಅವಳ ವಾದ. ಇದ್ದೀತು. ಆದರೆ ಚುಚ್ಚಿದ್ದು ನನ್ನ ಬೆರಳನ್ನು, ಉರಿದದ್ದು ನನಗೆ. ಆ ಗಾಜಿನ ಮೇಲೆ ನನ್ನದೆನ್ನುವ ಒಂದು ಕಣವೂ ಏಕಿರಲಿಲ್ಲ ಎಂದು ಕೇಳಿದರೆ ಅವಳು ಮತ್ತೆ ಆ ಗಾಜನ್ನೇ ತೆಗೆದು ನೋಡುತ್ತಾಳೆ. ನಾನೂ ಅಷ್ಟೆ.